ಮಂಜುಗಡ್ಡೆಯ ಸುಗ್ಗಿ

ಓದತಕ್ಕ ಭಾಗಗಳು: ಯೋಬ 38: 29, 30, ಜ್ಞಾನೋಕ್ತಿ 25: 13, 2 ಅರಸುಗಳು 4: 1–7, 1 ಪೇತ್ರ 2: 5.

ಸುಗ್ಗಿ ಎಂಬ ಮಾತನ್ನು ಕೇಳಿದ ಕೂಡಲೆ ನಮಗೆ ಜೋಳ, ರಾಗಿ, ಭತ್ತ ಇವುಗಳ ನೆನಪಾಗುವದು. ಉತ್ತು, ಬಿತ್ತಿ, ಕಳೆ ಕಿತ್ತು, ಮಳೆಗಾಗಿ ಆಕಾಶವನ್ನು ನೋಡಿ, ಕಡೆಗೆ ಕುಡುಗೋಲನ್ನು ಹಿಡಿಯುವದೇ ನಾವು ಬಲ್ಲ ಸುಗ್ಗಿ. ಆದರೆ ಯಾರೂ ಬಿತ್ತದೆ, ಯಾರೂ ಕಳೆ ಕೀಳದೆ, ಕೆರೆಯ ನೀರಿನ ಮೇಲೆಯೇ ಒಂದು ಬೆಳೆ ಬೆಳೆಯುವದೂ, ಅದನ್ನು ಕುದುರೆ ಕಟ್ಟಿದ ನೇಗಿಲಿನಿಂದ ಸಾಲು ಹೊಡೆದು, ಕೊಯ್ದು, ಕಣಜದಲ್ಲಿ ತುಂಬಿ ಬೇಸಿಗೆಯ ವರೆಗೆ ಕಾಪಾಡುವದೂ ಉಂಟೆಂದರೆ ನಮ್ಮಲ್ಲಿ ಅನೇಕರು ನಂಬಲಾರರು. ಆದರೂ ಅದು ಸತ್ಯವೇ. ಉತ್ತರ ಅಮೇರಿಕದ ಚಳಿಯ ಸೀಮೆಗಳಲ್ಲಿ ಹತ್ತೊಂಭತ್ತನೆಯ ಶತಮಾನದಲ್ಲಿ ಮಂಜುಗಡ್ಡೆಯ ಸುಗ್ಗಿಯು ಸಾವಿರಾರು ಜನರ ಉದ್ಯೋಗವಾಗಿತ್ತು. ಆ ಮಂಜುಗಡ್ಡೆಯು ಹಡಗನ್ನೇರಿ ನಮ್ಮ ಹಿಂದೂ ದೇಶಕ್ಕೂ ಬಂತು. ಈ ಸಂಗತಿಯನ್ನು ಕ್ರಮವಾಗಿ ತಿಳುಕೊಂಡು, ಅದರಿಂದ ನಮ್ಮ ಆತ್ಮಕ್ಕೂ ಮನೆವಾರ್ತೆಗೂ ಉಪಯುಕ್ತವಾದದ್ದನ್ನು ಕಲಿಯುವದೇ ಈ ತಿಂಗಳ ಪಾಠ.

1. ನೀರು ಕಲ್ಲಾಗುವ ಬಗೆ

ನಮ್ಮ ಊರುಗಳಲ್ಲಿ ತಾನಾಗಿಯೇ ಹುಟ್ಟುವ ಮಂಜುಗಡ್ಡೆ ಎಂದರೆ ಆಲಿಕಲ್ಲು ಒಂದೇ. ಮುಂಗಾರಿಗೆ ಮುಂಚೆ ಗುಡುಗಿನೊಂದಿಗೆ ಅದು ಬಿದ್ದಾಗ ಮಕ್ಕಳು ಓಡಿ ಆರಿಸಿಕೊಳ್ಳುವರು. ಅಂಗೈಯಲ್ಲಿ ಇಟ್ಟು ನೋಡುತ್ತಿರುವಾಗಲೇ ಅದು ನೀರಾಗಿ ಹೋಗುವದು. ಆದರೆ ಅಮೇರಿಕದ ಮಸ್ಸಾಚುಸೆಟ್ಸ್ ಎಂಬ ಸೀಮೆಯಲ್ಲಿ ಚಳಿಗಾಲವು ಎಷ್ಟು ಕಠಿನವೆಂದರೆ, ಕೆರೆಗಳ ಮೇಲೆ ಒಂದು ಅಡಿಗೂ ಮಿಕ್ಕ ದಪ್ಪದ ಹಾಸುಗಲ್ಲಿನಂತೆ ನೀರು ಹೆಪ್ಪುಗಟ್ಟುವದು. ಅದರ ಮೇಲೆ ಮನುಷ್ಯರು ನಡೆಯುವರು, ಕುದುರೆಗಳು ಭಾರವನ್ನು ಎಳೆಯುವವು.

ಇಲ್ಲಿ ಸೃಷ್ಟಿಕರ್ತನ ಜ್ಞಾನವನ್ನು ನಾವು ಗಮನಿಸತಕ್ಕದ್ದು. ಸಾಧಾರಣವಾಗಿ ವಸ್ತುಗಳು ತಣ್ಣಗಾದ ಹಾಗೆಲ್ಲಾ ಕುಗ್ಗಿ ಭಾರವಾಗುವವು. ನೀರು ಸಹ 4 ಡಿಗ್ರಿಯ ವರೆಗೆ ಹೀಗೆಯೇ ಕುಗ್ಗುವದು. ಆದರೆ ಅದಕ್ಕಿಂತ ಹೆಚ್ಚಾಗಿ ತಣ್ಣಗಾದರೆ ಅದು ತಿರಿಗಿ ಹಿಗ್ಗಲಾರಂಭಿಸುವದು. 0 ಡಿಗ್ರಿಯಲ್ಲಿ ಗಡ್ಡೆಯಾಗುವಾಗ ಸುಮಾರು ನೂರಕ್ಕೆ ಒಂಭತ್ತು ಪಾಲು ಹಿಗ್ಗುವದು. ಆದದರಿಂದ ಮಂಜುಗಡ್ಡೆಯು ನೀರಿಗಿಂತ ಹಗುರವಾಗಿ ಮೇಲೆ ತೇಲುವದು. ಕೆರೆಯು ಮೇಲಿನಿಂದ ಹೆಪ್ಪುಗಟ್ಟುವದೇ ಹೊರತು ತಳದಿಂದಲ್ಲ. ಆ ಗಡ್ಡೆಯೇ ಕಂಬಳಿಯಂತೆ ಕೆಳಗಿನ ನೀರನ್ನು ಚಳಿಗಾಳಿಯಿಂದ ಮುಚ್ಚುವದರಿಂದ ಮೀನುಗಳು ಅದರ ಅಡಿಯಲ್ಲಿ ಜೀವಿಸುವವು. ಗಡ್ಡೆಯು ಮುಳುಗುವಂಥದ್ದಾಗಿದ್ದರೆ ಕೆರೆಗಳು ತಳದಿಂದ ತುಂಬುತ್ತಾ ಬಂದು, ಅವುಗಳಲ್ಲಿನ ಜೀವಿಗಳು ಉಳಿಯುವದು ಕಷ್ಟವಾಗುತ್ತಿತ್ತು. ಮಂಜುಗಡ್ಡೆಯು ಯಾರಿಂದ ಹುಟ್ಟಿತೆಂದು ದೇವರು ಯೋಬನನ್ನು ಕೇಳಿದ ಪ್ರಶ್ನೆಯು ಎಷ್ಟು ಗಂಭೀರವಾದದ್ದೆಂದು ಇದರಿಂದ ತಿಳಿಯುವದು.

2. ಕೊಯ್ಲು

ಜನವರಿ, ಫೆಬ್ರವರಿ ತಿಂಗಳುಗಳೇ ಈ ಕೊಯ್ಲಿನ ಕಾಲ. ಮೊದಲು ಗಡ್ಡೆಯಲ್ಲಿ ರಂಧ್ರ ಕೊರೆದು ದಪ್ಪವನ್ನು ಅಳೆಯುವರು. ಅದರ ಮೇಲೆ ಹಿಮವು ಬಿದ್ದಿದ್ದರೆ ಕುದುರೆ ಕಟ್ಟಿದ ಹಲಗೆಯಿಂದ ಅದನ್ನು ಬಳಿದುಹಾಕುವರು. ಯಾಕಂದರೆ ಸಡಿಲವಾದ ಹಿಮವು ಚಳಿಯನ್ನು ಒಳಗೆ ಇಳಿಯಗೊಡದು. ಆಗ ಗಡ್ಡೆಯು ದಪ್ಪವಾಗಿ ಬೆಳೆಯದು.

ಪೂರ್ವದಲ್ಲಿ ಕೊಡಲಿಯಿಂದಲೂ ಕೈಗರಗಸದಿಂದಲೂ ಗಡ್ಡೆಯನ್ನು ಒಡೆಯುತ್ತಿದ್ದರು. ಆ ತುಂಡುಗಳು ಸೊಟ್ಟಸೊಟ್ಟವಾಗಿದ್ದು, ಒಟ್ಟಿದಾಗ ಅವುಗಳ ನಡುವೆ ಸಂದುಗಳು ಉಳಿಯುತ್ತಿದ್ದವು. ಸಂದುಗಳೊಳಗೆ ಗಾಳಿಯು ಹೊಕ್ಕು ಬೇಗನೆ ಕರಗಿಸುತ್ತಿತ್ತು. 1825ರಲ್ಲಿ ನಥಾನಿಯೇಲ್ ವೈಯೆತ್ ಎಂಬವನು ಕುದುರೆಯು ಎಳೆಯುವ ಹಲ್ಲಿನ ನೇಗಿಲನ್ನು ಕಲ್ಪಿಸಿದನು. ಅದರಿಂದ ಹೊಲದಲ್ಲಿ ಸಾಲು ಹೊಡೆದಂತೆ ಉದ್ದಕ್ಕೂ, ಅನಂತರ ಅಡ್ಡಕ್ಕೂ ಗೀರು ಕೊರೆದರೆ, ಕೆರೆಯೆಲ್ಲಾ ಚದುರಂಗದ ಮಣೆಯಂತೆ ಚೌಕಚೌಕವಾಗುವದು. ಒಂದೊಂದು ಚೌಕದ ಅಳತೆಯು ಸಾಧಾರಣವಾಗಿ 22 ಅಂಗುಲ. ಒಂದು ಅಡಿ ದಪ್ಪವಿದ್ದರೆ ಅಂಥ ಗಡ್ಡೆಯು ಸುಮಾರು 85 ಕಿಲೋ ತೂಗುವದು. ನೇಗಿಲು ತಳದ ವರೆಗೆ ಕೊಯ್ಯದು; ಉಳಿದದ್ದನ್ನು ಗರಗಸದಿಂದ ಕೊಯ್ದು, ಹಾರೆಯಿಂದ ಸೀಳಿ ಬಿಡಿಸುವರು. ಆ ಮೇಲೆ ನೀರಿನಲ್ಲಿ ಒಂದು ಕಾಲುವೆಯನ್ನು ಬಿಡಿಸಿ, ಉದ್ದವಾದ ಕೊಕ್ಕೆಕೋಲುಗಳಿಂದ ಗಡ್ಡೆಗಳನ್ನು ತೇಲಿಸುತ್ತಾ ದಡದಲ್ಲಿರುವ ಮಂಜಿನ ಮನೆಗೆ ಸಾಗಿಸುವರು.

ಈ ಕೆಲಸವು ಸುಲಭವಾಗಿರಲಿಲ್ಲ. ಕುದುರೆಗಳು ಜಾರದಂತೆ ಲಾಳಗಳಿಗೆ ಮೊಳೆಗಳಿದ್ದವು. ಗಡ್ಡೆಯು ಒಡೆದು ಕುದುರೆಯು ನೀರಿಗೆ ಬಿದ್ದರೆ ಕೂಡಲೆ ಎಳೆಯುವದಕ್ಕಾಗಿ ಅದರ ಕೊರಳಿಗೆ ಮೊದಲೇ ಹಗ್ಗವನ್ನು ಕಟ್ಟಿರುತ್ತಿದ್ದರು. ಕೆಲಸಗಾರರಲ್ಲಿ ಅನೇಕರು ಬಡತನದಿಂದ ದೇಶಬಿಟ್ಟು ಬಂದ ಐರ್ಲೆಂಡಿನವರು. ಕೆಲವರು ಹೊಲಗೆಲಸವಿಲ್ಲದ ಚಳಿಗಾಲದಲ್ಲಿ ಕೂಲಿಗೆ ಬಂದ ಒಕ್ಕಲಿಗರು. ದೂರದ ಪಟ್ಟಣಗಳಲ್ಲಿ ಧನವಂತನು ತಣ್ಣೀರು ಕುಡಿದನೆಂದರೆ, ಅದಕ್ಕಾಗಿ ಬಡವನೊಬ್ಬನ ಬೆರಳುಗಳು ಚಳಿಯಿಂದ ಮರಗಟ್ಟಿದ್ದವು ಎಂಬದನ್ನು ನಾವು ಮರೆಯಬಾರದು.

3. ಕಾಪಾಡುವ ವಿಧ

ಕೊಯ್ಯುವದಕ್ಕಿಂತ ಕಾಪಾಡುವದೇ ದೊಡ್ಡ ವಿದ್ಯೆ. ನಾವು ಜೋಳವನ್ನು ಹಗೇವಿನಲ್ಲಿ ತುಂಬಿ ಮೇಲೆ ಹುಲ್ಲನ್ನೂ ಮಣ್ಣನ್ನೂ ಮುಚ್ಚಿ ಗಾಳಿಯು ಹೋಗದಂತೆ ಮಾಡುವ ಪ್ರಕಾರವೇ ಅವರೂ ಮಾಡುತ್ತಿದ್ದರು. ಮಂಜಿನ ಮನೆಗೆ ಜೋಡಿ ಗೋಡೆಗಳು. ಎರಡರ ನಡುವೆ ಮರದ ಹೊಟ್ಟು. ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಕಸವೆಂದು ಬಿಸಾಡುತ್ತಿದ್ದ ಈ ಹೊಟ್ಟೇ ಮಂಜುಗಡ್ಡೆಗೆ ರಕ್ಷಣೆಯಾಯಿತು. ಹೊಟ್ಟಿನ ಸಣ್ಣ ಎಡೆಗಳಲ್ಲಿ ಗಾಳಿಯು ಅಲುಗಾಡದೆ ನಿಲ್ಲುವದು. ನಿಂತ ಗಾಳಿಯು ಶಾಖವನ್ನು ಸುಲಭವಾಗಿ ಸಾಗಿಸದು. ಕರಗಿದ ನೀರು ತಳದಲ್ಲಿ ನಿಲ್ಲದೆ ಹರಿದು ಹೋಗುವಂತೆ ತೂಬನ್ನೂ ಇಡುತ್ತಿದ್ದರು. ಯಾಕಂದರೆ ಹೊಟ್ಟು ನೆನೆದರೆ ಅದರ ಗುಣವು ಕೆಡುವದು.

ಮಂಜುಗಡ್ಡೆಯು ಬಹುಕಾಲ ಬಾಳುವದಕ್ಕೆ ಇನ್ನೊಂದು ಕಾರಣವುಂಟು. ಒಂದು ಸೇರು ಗಡ್ಡೆಯನ್ನು ಬರೀ ಕರಗಿಸುವದಕ್ಕೆ ಬೇಕಾದ ಶಾಖವು, ಹಾಗೆ ಕರಗಿದ ನೀರನ್ನು 0 ಡಿಗ್ರಿಯಿಂದ 80 ಡಿಗ್ರಿಯ ವರೆಗೆ ಕಾಯಿಸುವದಕ್ಕೆ ಸಾಲುವಷ್ಟು ದೊಡ್ಡದು. ಮೇಲಾಗಿ ರಾಶಿಯು ದೊಡ್ಡದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಗಾಳಿಗೆ ತಗಲುವ ಮೈ ಕಡಿಮೆ.

ಅಮೇರಿಕದ ಗ್ರಂಥಕರ್ತನಾದ ಹೆನ್ರಿ ಡೇವಿಡ್ ಥೋರೋ ಎಂಬವನು ವಾಲ್ಡನ್ ಎಂಬ ಕೆರೆಯ ದಡದಲ್ಲಿ ವಾಸಿಸುತ್ತಿದ್ದಾಗ 1846–47ರ ಚಳಿಗಾಲದಲ್ಲಿ ಈ ಸುಗ್ಗಿಯನ್ನು ಕಣ್ಣಾರೆ ಕಂಡು, 1854ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಆಗ ಬಯಲಲ್ಲಿಯೇ ಒಟ್ಟಿದ ಒಂದು ರಾಶಿಯು ಸುಮಾರು 10,000 ಟನ್ ಇದ್ದಿರಬಹುದೆಂದು ಎಣಿಸಿದರು. ಹುಲ್ಲನ್ನೂ ಹಲಗೆಗಳನ್ನೂ ಅದಕ್ಕೆ ಮುಚ್ಚಿದ್ದರು. ಜುಲಾಯಿಯಲ್ಲಿ ಮುಚ್ಚಿಗೆಯನ್ನು ತೆಗೆದು ಸ್ವಲ್ಪ ಭಾಗವನ್ನು ಒಯ್ದರು. ಉಳಿದದ್ದು ಬಿಸಿಲಿನಲ್ಲಿಯೇ ಬಿದ್ದಿದ್ದರೂ 1848ರ ಸೆಪ್ಟೆಂಬರ ವರೆಗೆ ಪೂರ್ಣವಾಗಿ ಕರಗಲಿಲ್ಲ. ಇಷ್ಟು ದೊಡ್ಡ ರಾಶಿಗೆ ಸಹ ಭಯವಿದ್ದದ್ದು ಯಾವದರಿಂದ? ಹೊರಗಿನ ಮಹಾ ಬಿಸಿಲಿಗಿಂತಲೂ ಒಳಗೆ ಹಾದುಹೋಗುವ ಸಣ್ಣ ಗಾಳಿಯಿಂದಲೇ. ಸಂದು ಸಿಕ್ಕಿದರೆ ಗಾಳಿಯು ಒಳಗೊಳಗೇ ಪೊಳ್ಳು ಮಾಡಿ, ಕಡೆಗೆ ರಾಶಿಯನ್ನು ಕೆಡವಿಬಿಡುವದು.

4. ಕಲ್ಕತ್ತೆಗೆ ಬಂದ ಹಡಗು

ಈ ವ್ಯಾಪಾರವನ್ನು ದೂರದೇಶಗಳಿಗೆ ಹಬ್ಬಿಸಿದವನು ಬೋಸ್ಟನ್ ಪಟ್ಟಣದ ಫ್ರೆಡರಿಕ್ ಟ್ಯೂಡರ್. ಅವನು 1783ರಲ್ಲಿ ಹುಟ್ಟಿದವನು. 1806ರಲ್ಲಿ, ಇನ್ನೂ 22 ವಯಸ್ಸಿನವನಾಗಿದ್ದಾಗ, ಸುಮಾರು 130 ಟನ್ ಮಂಜುಗಡ್ಡೆಯನ್ನು ಹಡಗಿನಲ್ಲಿ ತುಂಬಿಕೊಂಡು ವೆಸ್ಟ್ ಇಂಡೀಸಿನ ಮಾರ್ಟಿನೀಕ್ ದ್ವೀಪಕ್ಕೆ ಹೋದನು. ಊರವರು ನಕ್ಕರು. ಗಡ್ಡೆಯು ದ್ವೀಪಕ್ಕೆ ಕ್ಷೇಮವಾಗಿ ಸೇರಿತು; ಆದರೆ ಅಲ್ಲಿ ಅದನ್ನಿಡುವದಕ್ಕೆ ಮಂಜಿನ ಮನೆ ಇರಲಿಲ್ಲವಾದ್ದರಿಂದ ಕರಗಿ ನಷ್ಟವಾಯಿತು. ಸಾಮಾನು ಹೊರಡುವದಕ್ಕೆ ಮುಂಚೆ ಅದು ಸೇರುವ ಸ್ಥಳವು ಸಿದ್ಧವಾಗಿರಬೇಕೆಂಬದನ್ನು ಅವನು ನಷ್ಟದಿಂದ ಕಲಿತನು.

1833ನೆಯ ಮೇ 12ರಲ್ಲಿ "ಟಸ್ಕನಿ" ಎಂಬ ಹಡಗು 180 ಟನ್ ಮಂಜುಗಡ್ಡೆಯೊಂದಿಗೆ ಬೋಸ್ಟನಿನಿಂದ ಕಲ್ಕತ್ತೆಗೆ ಹೊರಟಿತು. ಹಬೆಯ ಯಂತ್ರವಿಲ್ಲದೆ ಹಾಯಿಯಿಂದ ಸಾಗುವ ಹಡಗು. ಸುಮಾರು ನಾಲ್ಕು ತಿಂಗಳ ಪ್ರಯಾಣ. ಸುಡುಬಿಸಿಲಿನ ಭೂಮಧ್ಯರೇಖೆಯನ್ನು ಎರಡು ಸಾರಿ ದಾಟಬೇಕು. ಸೆಪ್ಟೆಂಬರದಲ್ಲಿ ಅದು ಕಲ್ಕತ್ತೆಯನ್ನು ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು. ನಮ್ಮ ಕನ್ನಡ ಸೀಮೆಯ ಸಭೆಗಳ ಚರಿತ್ರೆಯನ್ನು ಬಲ್ಲವರಿಗೆ ಈ ಕಾಲವು ಸುಲಭವಾಗಿ ಜ್ಞಾಪಕದಲ್ಲಿ ನಿಲ್ಲುವದು. ಬಾಸೆಲ್ ಮಿಶನಿನ ಮೊದಲನೆಯ ಬೋಧಕರು ಮಂಗಳೂರಿಗೆ ಬಂದದ್ದು ಅದರ ಮರುವರುಷ, 1834ರಲ್ಲಿ.

ಅದಕ್ಕೆ ಮುಂಚೆ ಕಲ್ಕತ್ತೆಯವರಿಗೆ ಮಂಜುಗಡ್ಡೆಯು ಕೇವಲ ತಿಳಿಯದ ವಸ್ತುವಾಗಿರಲಿಲ್ಲ. ಹೂಗ್ಲಿಯ ಬಯಲುಗಳಲ್ಲಿ ಚಳಿಗಾಲದ ನಿರ್ಮಲವಾದ ರಾತ್ರಿಗಳಲ್ಲಿ ಆಳವಿಲ್ಲದ ಕುಣಿಗಳಲ್ಲಿ ಹುಲ್ಲು ಹಾಸಿ, ಅದರ ಮೇಲೆ ಅಗಲವಾದ ಮಣ್ಣಿನ ತಟ್ಟೆಗಳಲ್ಲಿ ನೀರು ಇಟ್ಟು, ಸೂರ್ಯೋದಯಕ್ಕೆ ಮುಂಚೆ ತೆಳುವಾದ ಗಡ್ಡೆಯನ್ನು ಕೂಡಿಸುತ್ತಿದ್ದರು. ಅದು ಕೆಸರುಕೆಸರಾಗಿಯೂ ದುಬಾರಿಯಾಗಿಯೂ ಇತ್ತು. ಅಮೇರಿಕದ ಗಡ್ಡೆಯಾದರೋ ಕನ್ನಡಿಯಂತೆ ತಿಳಿಯಾಗಿದ್ದು ಕಡಿಮೆ ಬೆಲೆಗೆ ಸಿಕ್ಕಿತು. ಸರಕಾರದವರು ಅದಕ್ಕೆ ಸುಂಕವನ್ನು ಬಿಟ್ಟರು. ತಂಪಾದ ರಾತ್ರಿ ವೇಳೆಯಲ್ಲಿ ಇಳಿಸುವದಕ್ಕೆ ಅಪ್ಪಣೆ ಕೊಟ್ಟರು. ಪಟ್ಟಣದವರು ಚಂದಾ ಎತ್ತಿ ಮಂಜಿನ ಮನೆಯನ್ನು ಕಟ್ಟಿಸಿದರು. ಆ ಮೇಲೆ ಬೊಂಬಾಯಿಯಲ್ಲಿಯೂ ಮದ್ರಾಸಿನಲ್ಲಿಯೂ ಅಂಥ ಮನೆಗಳಾದವು. ಮದ್ರಾಸಿನಲ್ಲಿ 1842ರಲ್ಲಿ ಕಟ್ಟಿದ್ದು ಇಂದಿಗೂ ಚೆನ್ನೈಯ ಸಮುದ್ರತೀರದಲ್ಲಿ ನಿಂತಿದೆ. ಸ್ವಾಮಿ ವಿವೇಕಾನಂದರು 1897ರಲ್ಲಿ ಅಲ್ಲಿ ಇಳುಕೊಂಡದ್ದರಿಂದ ಅದಕ್ಕೆ ಈಗ ಅವರ ಹೆಸರಿದೆ.

ಆ ಮಂಜುಗಡ್ಡೆಯು ಹೆಚ್ಚಾಗಿ ಯೂರೋಪಿಯನರ ಮತ್ತು ಧನವಂತರ ಮೇಜನ್ನು ಸೇರಿತೆಂಬದು ನಿಜ. ಆದರೂ ವೈದ್ಯರು ಜ್ವರಪೀಡಿತರ ಉರಿಯನ್ನು ಶಮನಮಾಡುವದಕ್ಕೆ ಅದನ್ನು ಉಪಯೋಗಿಸಿದ್ದರಿಂದ, ಅದು ಬರೀ ಭೋಗದ ವಸ್ತುವಾಗಿ ಉಳಿಯಲಿಲ್ಲ.

5. ಸಾಲವನ್ನು ತೀರಿಸಿದ್ದು

ಟ್ಯೂಡರನು ಎಲ್ಲಾ ವಿಷಯದಲ್ಲಿ ನಮಗೆ ಮಾದರಿಯೆಂದು ನಾವು ಹೇಳುವದಿಲ್ಲ. ಅವನು ಈ ವ್ಯಾಪಾರವೆಲ್ಲಾ ತನ್ನೊಬ್ಬನ ಕೈಯಲ್ಲಿ ಇರಬೇಕೆಂದು ಆಶಿಸಿದವನು. ಸಾಲದ ನಿಮಿತ್ತ 1812ರಲ್ಲಿಯೂ 1813ರಲ್ಲಿಯೂ ಸೆರೆಮನೆಯನ್ನು ಕಂಡನು. ಅಷ್ಟಾದರೂ ಬುದ್ಧಿ ಬಾರದೆ, ಮುಂದೆ ಕಾಫಿಯ ಬೆಲೆ ಏರುವದೆಂದು ನಂಬಿ ದೊಡ್ಡ ಪಂದ್ಯವನ್ನೇ ಕಟ್ಟಿದಂತೆ ವ್ಯಾಪಾರಮಾಡಿದನು. ಬೆಲೆಯು ಬಿದ್ದುಹೋಗಿ ಎರಡು ಲಕ್ಷ ಡಾಲರಿಗೂ ಮಿಕ್ಕ ಸಾಲವು ಅವನ ತಲೆಯ ಮೇಲೆ ಬಂತು.

ಆದರೆ ಇಲ್ಲಿ ಗಮನಿಸತಕ್ಕ ಒಂದು ಮಾತುಂಟು. ಅವನು ಊರು ಬಿಟ್ಟು ಓಡಿಹೋಗಲಿಲ್ಲ. ತಾನು ಚೆನ್ನಾಗಿ ಬಲ್ಲ ಮಂಜಿನ ಕೆಲಸಕ್ಕೇ ತಿರಿಗಿ ಕೈಹಾಕಿ, ಕಲ್ಕತ್ತೆಯ ವ್ಯಾಪಾರದಿಂದ ಬಂದ ಲಾಭದಿಂದ ವರುಷ ವರುಷಕ್ಕೆ ಸ್ವಲ್ಪ ಸ್ವಲ್ಪವಾಗಿ ಸಾಲವನ್ನು ತೀರಿಸಿದನು. 1864ರಲ್ಲಿ ಮರಣಹೊಂದಿದಾಗ ಅವನು ಧನವಂತನಾಗಿದ್ದನು. ಕರಗುವ ವಸ್ತುವಿನಿಂದ ಕರಗದ ಸಾಲವು ತೀರಿತು.

ಪ್ರಿಯರೇ, ನಮ್ಮ ಸಭೆಗಳಲ್ಲಿ ಸಾಲದ ಬಾಧೆಯು ಎಷ್ಟೆಂಬದನ್ನು ಉಪದೇಶಿಗಳಾದ ನಾವು ಮನೆಮನೆಗೆ ಹೋಗುವಾಗ ಕಾಣುತ್ತೇವೆ. ಮದುವೆಯ ದಿನದ ಹೆಚ್ಚಳಕ್ಕಾಗಿ ಹತ್ತು ವರುಷದ ಕೂಲಿಯನ್ನು ಒತ್ತೆಯಿಡುವವರಿದ್ದಾರೆ. ಸಾಲ ಕೊಟ್ಟವನು ಅದೇ ಸಭೆಯವನಾಗಿದ್ದರೆ, ಅವನ ಮುಖವನ್ನು ನೋಡಲಾರದೆ ಆರಾಧನೆಯನ್ನೇ ಬಿಟ್ಟುಬಿಟ್ಟ ಕುಟುಂಬಗಳಿವೆ. ಮೊದಲು ಒಂದು ಭಾನುವಾರ, ಆ ಮೇಲೆ ಎರಡು, ಕಡೆಗೆ ಕರ್ತನ ಭೋಜನಕ್ಕೂ ಅವರಿಲ್ಲ. ಸಾಲವು ಹಣದ ವಿಷಯವೆಂದು ನಾವು ನೆನಸುತ್ತೇವೆ. ಅದು ಆತ್ಮದ ವಿಷಯವೂ ಆಗುತ್ತದೆ.

ಎಲೀಷನ ಬಳಿಗೆ ಬಂದ ವಿಧವೆಯನ್ನು ನೆನಸಿರಿ. ಅವಳ ಇಬ್ಬರು ಮಕ್ಕಳನ್ನು ಸಾಲಗಾರನು ದಾಸರಾಗಿ ಒಯ್ಯಲಿದ್ದನು. ಅವಳು ತನ್ನ ಕಷ್ಟವನ್ನು ಮರೆಮಾಡದೆ ದೇವರ ಮನುಷ್ಯನಿಗೆ ಹೇಳಿದಳು. ಅವನು ಮೊದಲು ಕೇಳಿದ್ದು, ಮನೆಯಲ್ಲಿ ಏನಿದೆ ಎಂದು. ಒಂದು ಮೊಗೆ ಎಣ್ಣೆಯ ಹೊರತು ಏನೂ ಇರಲಿಲ್ಲ. ದೇವರು ಅದನ್ನೇ ಹೆಚ್ಚಿಸಿದನು. ಎಣ್ಣೆಯು ದೊರೆತ ಮೇಲೆ ಪ್ರವಾದಿಯು ಹೇಳಿದ ಕ್ರಮವನ್ನು ನೋಡಿರಿ: ಮೊದಲು ಮಾರಬೇಕು, ಆ ಮೇಲೆ ಸಾಲ ತೀರಿಸಬೇಕು, ಉಳಿದದ್ದರಿಂದ ಜೀವನಮಾಡಬೇಕು. ನಮ್ಮಲ್ಲಿ ಅನೇಕರು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ.

6. ಆ ಸುಗ್ಗಿಯು ನಿಂತುಹೋದದ್ದು

1856ರಲ್ಲಿ ಬೋಸ್ಟನಿನಿಂದ ಸುಮಾರು 1,46,000 ಟನ್ ಮಂಜುಗಡ್ಡೆಯು ಹಡಗುಗಳಲ್ಲಿ ಹೊರಟಿತು. ಆದರೆ ಯಂತ್ರದಿಂದ ಮಂಜುಗಡ್ಡೆಯನ್ನು ಮಾಡುವ ವಿದ್ಯೆಯು ಬೆಳೆಯಿತು. 1870ರ ದಶಕದಲ್ಲಿ ಮದ್ರಾಸಿನಲ್ಲಿಯೂ ಕಲ್ಕತ್ತೆಯಲ್ಲಿಯೂ ಅಂಥ ಕಾರ್ಖಾನೆಗಳು ಆರಂಭವಾದ ಮೇಲೆ ಅಮೇರಿಕದ ಗಡ್ಡೆಗೆ ಇಲ್ಲಿ ಗಿರಾಕಿಗಳು ತಪ್ಪಿದರು. ಅಮೇರಿಕದಲ್ಲಿಯೂ ಪಟ್ಟಣಗಳು ಬೆಳೆದು ಕೆರೆಹೊಳೆಗಳಿಗೆ ಹೊಲಸು ಸೇರಿತು. ಕಣ್ಣಿಗೆ ತಿಳಿಯಾಗಿ ಹೊಳೆಯುವ ಗಡ್ಡೆಯೊಳಗೆ ರೋಗದ ಸೂಕ್ಷ್ಮ ಜೀವಿಗಳು ಅಡಗಿರಬಹುದೆಂದು ವೈದ್ಯರು ತಿಳುಕೊಂಡರು. ಯಾಕಂದರೆ ಹೆಪ್ಪುಗಟ್ಟುವದರಿಂದ ಅವೆಲ್ಲವೂ ಸಾಯುವದಿಲ್ಲ, ಕರಗಿದಾಗ ತಿರಿಗಿ ಚುರುಕಾಗುವವು.

ಇದು ನಮಗೂ ಎಚ್ಚರಿಕೆಯ ಮಾತು. ಜಾತ್ರೆಯಲ್ಲಿಯೂ ಸಂತೆಯಲ್ಲಿಯೂ ಶರಬತ್ತಿಗೆ ಹಾಕುವ ಮಂಜುಗಡ್ಡೆಯು ಯಾವ ನೀರಿನಿಂದ ಆದದ್ದೆಂದು ವಿಚಾರಿಸದೆ ಮಕ್ಕಳಿಗೆ ಕುಡಿಸಬೇಡಿರಿ. ಮೀನು ಕೆಡದಂತೆ ಇಡುವದಕ್ಕೆ ಮಾಡಿದ ಗಡ್ಡೆಯು ಕುಡಿಯುವದಕ್ಕೆ ತಕ್ಕದ್ದಲ್ಲ. ಹೊಲಸು ನೀರಿನ ಗಡ್ಡೆಯೂ ಹೊಲಸೇ.

7. ನಾವು ಕಲಿಯತಕ್ಕದ್ದು

ಮೊದಲನೆಯದಾಗಿ, ಕಾಲವನ್ನು ತಿಳಿಯಬೇಕು. ಕೆರೆಯು ಗಟ್ಟಿಯಾಗಿರುವ ಕೆಲವು ವಾರಗಳಲ್ಲಿ ಕೊಯ್ಯದವನಿಗೆ ಬೇಸಿಗೆಯಲ್ಲಿ ಏನೂ ಇರುತ್ತಿರಲಿಲ್ಲ. ಬೆಳೆ ಬಂದ ವರುಷದಲ್ಲಿಯೇ ಸ್ವಲ್ಪವನ್ನು ತೆಗೆದಿಡುವದೂ, ಮಕ್ಕಳು ಮನೆಯಲ್ಲಿರುವಾಗಲೇ ಅವರಿಗೆ ದೇವರ ವಾಕ್ಯವನ್ನು ಕಲಿಸುವದೂ ಇದೇ ಜ್ಞಾನ.

ಎರಡನೆಯದಾಗಿ, ಸಂದು ಬಿಡಬಾರದು. ಚೌಕವಾದ ಗಡ್ಡೆಗಳು ಒಂದಕ್ಕೊಂದು ಒತ್ತಿ ಕೂತಿದ್ದರಿಂದ ಅವು ಒಂದನ್ನೊಂದು ಕಾಪಾಡಿದವು. ಬೇರೆಯಾಗಿ ಬಿದ್ದದ್ದು ಬೇಗನೆ ಕರಗಿತು. ಜೀವವುಳ್ಳ ಕಲ್ಲುಗಳಾಗಿ ಕಟ್ಟಲ್ಪಡುವ ವಿಷಯದಲ್ಲಿ ಅಪೊಸ್ತಲನಾದ ಪೇತ್ರನು ಬರೆದದ್ದನ್ನು ಈ ಸಂಗತಿಯೊಂದಿಗೆ ಓದಿರಿ. ಇಬ್ಬರು ಸಹೋದರರ ನಡುವೆ ಮಾತು ನಿಂತರೆ, ಅದೇ ಸಂದು. ಸಾಲ ಕೊಟ್ಟವನೂ ತಕ್ಕೊಂಡವನೂ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ನಡೆದರೆ, ಅದೇ ಸಂದು. ಹೊರಗಿನ ಹಿಂಸೆಯಿಂದ ಕರಗದ ಸಭೆಯು ಒಳಗಿನ ಇಂಥ ಗಾಳಿಯಿಂದ ಪೊಳ್ಳಾಗುವದು.

ಮೂರನೆಯದಾಗಿ, ನಂಬಿಗಸ್ತನಾಗಿರಬೇಕು. ನಂಬಿಗಸ್ತನಾದ ದೂತನು ತನ್ನನ್ನು ಕಳುಹಿಸಿದವರಿಗೆ ಸುಗ್ಗಿಯ ಕಾಲದ ಹಿಮದ ತಂಪಿನಂತಿದ್ದಾನೆಂದು ಜ್ಞಾನೋಕ್ತಿಗಳಲ್ಲಿ ತೋರಿಸಿದೆ. ಬಿಸಿಲಿನಲ್ಲಿ ಕೊಯ್ಲು ಮಾಡಿ ಬಾಯಾರಿದವರಿಗೆ ಈ ಹೋಲಿಕೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಹೇಳಿದ ದಿನಕ್ಕೆ ಬಂದು, ಹೇಳಿದಷ್ಟು ಹಣವನ್ನು ಎಣಿಸಿಕೊಡುವ ಬಡ ಕ್ರೈಸ್ತನು ಊರಿಗೆಲ್ಲಾ ತಂಪು. ಕೊಡಲಾಗದ ದಿನದಲ್ಲಿ ಅಡಗಿಕೊಳ್ಳದೆ, ತಾನೇ ಹೋಗಿ ಅಣ್ಣಾ, ಇಷ್ಟು ಈಗ, ಉಳಿದದ್ದು ಸುಗ್ಗಿಗೆ ಎಂದು ಹೇಳುವವನೂ ನಂಬಿಗಸ್ತನೇ. ಅದನ್ನು ಕೇಳಿ ಬೀದಿಯಲ್ಲಿ ಅವನ ಮಾನ ಕಳೆಯದೆ ತಾಳ್ಮೆ ತೋರಿಸುವ ಸಹೋದರನೂ ಕ್ರಿಸ್ತನ ಶಿಷ್ಯನೇ.

ಆದದರಿಂದ ಈ ತಿಂಗಳಲ್ಲಿ ಪ್ರತಿಯೊಂದು ಸಭೆಯ ಹಿರಿಯರು ಸಾಲದ ಲಜ್ಜೆಯಿಂದ ದೂರವಾದ ಒಂದು ಮನೆಯನ್ನಾದರೂ ಸಂಧಿಸಿ, ಲೆಕ್ಕವನ್ನು ಸಮಾಧಾನವಾಗಿ ಬರೆಯಿಸಿ, ಸ್ವಲ್ಪ ಸ್ವಲ್ಪವಾಗಿ ತೀರಿಸುವ ಕ್ರಮವನ್ನು ಇಬ್ಬರಿಗೂ ಒಪ್ಪಿಸಿ, ಅವರನ್ನು ಆರಾಧನೆಗೆ ಕರೆತರಬೇಕೆಂದು ಬೇಡಿಕೊಳ್ಳುತ್ತೇವೆ. ನಮ್ಮ ಮಹಾ ಸಾಲವನ್ನು ತನ್ನ ರಕ್ತದಿಂದ ತೀರಿಸಿದ ಕರ್ತನು ಈ ಕಾರ್ಯದಲ್ಲಿ ನಮ್ಮ ಸಂಗಡ ಇರುವನು.

ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

1. ಕೆರೆಯ ನೀರು ಮೇಲಿನಿಂದ ಹೆಪ್ಪುಗಟ್ಟುವದು ಯಾಕೆ? ಅದರಿಂದ ಮೀನುಗಳಿಗೆ ಏನು ಪ್ರಯೋಜನ?
2. ಚೌಕವಾಗಿ ಕೊಯ್ದ ಗಡ್ಡೆಗಳು ಸೊಟ್ಟ ತುಂಡುಗಳಿಗಿಂತ ಹೆಚ್ಚು ಕಾಲ ಉಳಿದದ್ದು ಯಾಕೆ?
3. ಟ್ಯೂಡರನ ನಡತೆಯಲ್ಲಿ ಅನುಸರಿಸತಕ್ಕದ್ದು ಯಾವದು? ಬಿಡತಕ್ಕದ್ದು ಯಾವದು?
4. ಎಲೀಷನು ವಿಧವೆಗೆ ಹೇಳಿದ ಕ್ರಮವೇನು? ನಮ್ಮ ಮನೆಗಳಲ್ಲಿ ಯಾವ ಕ್ರಮವು ನಡೆಯುತ್ತಿದೆ?
5. ನಮ್ಮ ಸಭೆಯಲ್ಲಿ ಮುಚ್ಚಬೇಕಾದ ಸಂದು ಎಲ್ಲಿದೆ? ಅದನ್ನು ಮುಚ್ಚುವದಕ್ಕೆ ಮೊದಲು ಯಾರು ಎದ್ದು ಹೋಗಬೇಕು?